ನಿಂತ ಗಾಡಿಯ ಬ್ಯಾಟರಿ

ಕೀಲಿ ತಿರುಗಿಸಿದಾಗ ಗಾಡಿ ಒಮ್ಮೆ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡಿತು. ಇನ್ನೇನು ಮಾತಾಡುತ್ತದೆ ಎನ್ನುವಷ್ಟರಲ್ಲಿ ಸುಮ್ಮನಾಯಿತು. ಅವನು ಮತ್ತೆ ತಿರುಗಿಸಿದ. ಈ ಸಲ ಎಲ್ಲೋ ಒಳಗೆ ಟಿಕ್ ಎಂಬ ಸಣ್ಣ ಸದ್ದು, ಅಷ್ಟೆ. ವರ್ಷ ತುಂಬುವ ಮೊದಲೇ ಎರಡನೆಯ ಬ್ಯಾಟರಿಯೂ ಕೈಕೊಟ್ಟಿತ್ತು.

ಬೀದಿಯವರ ಬಾಯಲ್ಲಿ ಅವನು ಕನ್ನಡಕದವರು. ಪೇಟೆಯಲ್ಲಿ ಅವನದೊಂದು ಕನ್ನಡಕದಂಗಡಿ. ಅಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದ್ದರಿಂದ ವಾರದ ದಿನಗಳಲ್ಲಿ ಬಸ್ಸಿಗೇ ಹೋಗಿಬರುತ್ತಿದ್ದ. ಮನೆಯ ಹಿಂಬದಿಗೆ ಅಂಟಿಕೊಂಡ ಶೆಡ್ಡಿನಲ್ಲಿ, ಎಳೆದ ಶಟರಿನ ಹಿಂದೆ, ಆ ದೊಡ್ಡ ಗಾಡಿ ಸುಮ್ಮನೆ ನಿಂತಿರುತ್ತಿತ್ತು. ಅದನ್ನು ಕೊಂಡದ್ದೇ ಅಮ್ಮನಿಗಾಗಿ: ಸೀಟು ಎತ್ತರ, ಹತ್ತುವಾಗ ಮಂಡಿ ಮಡಿಸಬೇಕಿಲ್ಲ, ಬಾಗಿಲು ಅಗಲ. ಆದರೆ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಹಣೆ ಒಡೆದುಕೊಂಡ ಬೆಳಗ್ಗೆ ಇದೇ ಗಾಡಿ ಹೀಗೇ ಗಂಟಲು ಕೆರೆದು ಸುಮ್ಮನಾಗಿತ್ತು. ಪಕ್ಕದ ಮನೆಯವರ ಸಾಮಾನಿನ ವ್ಯಾನಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ, ನೆತ್ತರು ಒಸರುವ ಟವೆಲನ್ನು ಹಣೆಗೆ ಒತ್ತಿಕೊಂಡು ಅಮ್ಮ ಆಸ್ಪತ್ರೆಗೆ ಹೋಗಿದ್ದಳು.

ಅಂದೇ ಅಕ್ಕ ಫೋನಿನಲ್ಲಿ ಹೇಳಿದ್ದಳು: "ನಿನ್ನ ಕೈಲಿ ಆಗಲ್ಲ ಕಣೋ. ಒಂದು ಒಳ್ಳೆ ಆರೈಕೆ ಮನೆ ನೋಡಿದ್ದೀನಿ. ಸೇರಿಸಿಬಿಡೋಣ."

"ಅಮ್ಮನಿಗೇನೂ ಆಗಿಲ್ಲ. ವಯಸ್ಸಿನ ಮರೆವು, ಯಾರಿಗಿಲ್ಲ? ಬ್ಯಾಟರಿ ಒಂದು ಸರಿಹೋದ್ರೆ ಎಲ್ಲ ಸರಿಹೋಗುತ್ತೆ" ಎಂದಿದ್ದ.

ಆ ಮಾತು ಆಡಿದ ಮೇಲೆ ಅದನ್ನು ತಾನೇ ನಂಬಿದ. ಮನುಷ್ಯ ತನ್ನ ಭಯವನ್ನೆಲ್ಲ ಒಯ್ದು ಒಂದು ಸಣ್ಣ ಮೊಳೆಗೆ ತೂಗುಹಾಕುತ್ತಾನೆ. ಗೋಡೆ ಬಿರುಕುಬಿಟ್ಟಿದ್ದರೂ ಮೊಳೆಯನ್ನೇ ಮುಟ್ಟಿಮುಟ್ಟಿ ನೋಡುತ್ತಾನೆ. ಬ್ಯಾಟರಿ ಸರಿಯಿದ್ದರೆ ಅಮ್ಮ ಮನೆಯಲ್ಲೇ ಇರುತ್ತಾಳೆ: ಅವನ ಲೆಕ್ಕ ಅಷ್ಟು ಸರಳವಾಗಿತ್ತು.

ಶೆಡ್ಡಿನ ಒಳಬಾಗಿಲಲ್ಲಿ ಹೆಂಡತಿ ಒದ್ದೆ ಕೈ ಒರೆಸುತ್ತ ನಿಂತಿದ್ದಳು. "ಇವತ್ತೇ ಬೇರೆ ಹಾಕಿಸ್ತೀರಾ?"

"ನಿನಗ್ಯಾಕೆ ಅಷ್ಟು ಅವಸರ? ಗೇಟು ಕೀಳೋಕೆ ಹೊರಟಿದ್ದೀಯಾ?"

ಅದು ಹಳೆಯ ತಮಾಷೆ. ಮದುವೆಯಾದ ಹೊಸತರಲ್ಲಿ ಗಾಡಿ ಕಲಿಯಲು ಹೋಗಿ ಅವಳು ಗೇಟಿನ ಕಂಬವನ್ನು ಬುಡಸಮೇತ ಮಲಗಿಸಿದ್ದಳು. ಆಮೇಲೆ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಅವಳು ನಗಲಿಲ್ಲ.

"ಸಂಜೆಯೊಳಗೆ ಆದ್ರೆ ಒಳ್ಳೇದಿತ್ತು. ಅತ್ತೆಗೇನಾದ್ರೂ ಆದ್ರೆ ಅಂತ" ಎಂದು ಒಳಗೆ ಹೋದಳು.

ಬ್ಯಾಟರಿ ಅಂಗಡಿಯ ಒಡತಿಗೆ ಪೇಟೆಯವರು ಇಟ್ಟ ಹೆಸರು ಚಾರ್ಜಕ್ಕ. ಗಂಡ ಬಿಟ್ಟುಹೋದ ಸಣ್ಣ ಅಂಗಡಿಯನ್ನು ಮೂರು ಬಾಗಿಲಿಗೆ ಬೆಳೆಸಿದವಳು. ಅದನ್ನು ಗಿರಾಕಿಗಳಿಗೆ ದಿನವೂ ನೆನಪಿಸುವವಳು. ಅವನು ಆಟೋದಲ್ಲಿ ಹೊತ್ತುತಂದ ಬ್ಯಾಟರಿಯನ್ನು ಮೇಜಿನ ಮೇಲೆ ಇರಿಸಿಕೊಂಡು, ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಪರೀಕ್ಷೆಯ ಯಂತ್ರದ ಚಿಮಟಗಳನ್ನು ಎರಡೂ ತುದಿಗೆ ಕಚ್ಚಿಸಿದಳು.

"ನೀವೇ ಕೊಟ್ಟ ಕನ್ನಡಕ. ತಪ್ಪು ಓದಿದ್ರೆ ನನ್ನನ್ನ ಬೈಬೇಡಿ."

ಅವನು ಈ ಸಲ ಓದಿಕೊಂಡು ಬಂದಿದ್ದ. ಚಳಿಯಲ್ಲಿ ಇಂಜಿನ್ ಎಬ್ಬಿಸುವ ಶಕ್ತಿ ಎಷ್ಟಿರಬೇಕು, ಸಂಗ್ರಹ ಎಷ್ಟಿರಬೇಕು, ಯಾವ ಕಂಪನಿಯದು ಎಷ್ಟು ವರ್ಷ ಬಾಳುತ್ತದೆ, ಎಲ್ಲ ಬಾಯಿಪಾಠವಾಗಿತ್ತು. "ನನಗೆ ಇರೋದ್ರಲ್ಲೇ ದೊಡ್ಡದು ಕೊಡಿ. ಲಾರಿಗೆ ಹಾಕೋದಾದ್ರೂ ಸರಿ."

"ಲಾರಿದು ನಿಮ್ಮ ಗಾಡೀಲಿ ಬ್ಯಾಟರಿ ಇಡೋ ತಟ್ಟೇಲಿ ಕೂರಬೇಕಲ್ಲ ಸಾರ್. ಅಣ್ಣನ ಅಂಗಿ ತಮ್ಮನಿಗೆ ತೊಡಿಸಿದಂಗೆ ಆಗುತ್ತೆ. ಪ್ಲಸ್ ತುದಿ ಈ ಕಡೆ ಬಂದ್ರೆ ವಯರೂ ಮುಟ್ಟಲ್ಲ." ಯಂತ್ರದ ತೆರೆಯನ್ನು ನೋಡಿ ಅವಳ ದನಿ ಇಳಿಯಿತು. "ಇದರಲ್ಲಿ ತಯಾರಿ ದೋಷ ಇಲ್ಲ. ಇದನ್ನ ಯಾರೋ ಮೇಲಿಂದ ಮೇಲೆ ತಳ ಕಾಣೋವರೆಗೂ ಕುಡಿದಿದ್ದಾರೆ."

"ಅಂದ್ರೆ?"

"ಈ ಜಾತಿ ಬ್ಯಾಟರಿ ಓಟಗಾರನ ಥರ. ಒಂದೇ ಉಸಿರಿಗೆ ಇಂಜಿನ್ನನ್ನ ಎಬ್ಬಿಸುತ್ತೆ, ಆಮೇಲೆ ಇಂಜಿನ್ನೇ ಇದಕ್ಕೆ ಉಣಿಸುತ್ತೆ. ಇಂಜಿನ್ ಆರಿಸಿ ಇದೊಂದರ ಮೇಲೇ ದೀಪ, ಗೀಪ ಅಂತ ನಡೆಸಿದ್ರೆ ಸೊರಗಿ ಸಾಯುತ್ತೆ. ಗಾಡಿ ನಿಂತಾಗ ಅದರಲ್ಲಿ ಏನು ಮಾಡ್ತೀರಾ?"

"ಏನೂ ಇಲ್ಲ. ಶೆಡ್ಡಲ್ಲಿ ಸುಮ್ಮನೆ ನಿಂತಿರುತ್ತೆ."

"ಸುಮ್ಮನೆ ನಿಂತಿದ್ದು ಹೀಗೆ ಸಾಯಲ್ಲ. ಕಳೆದ ಸಲ ನಾನೂ ಕೇಳ್ಲಿಲ್ಲ, ದೊಡ್ಡ ಗಾಡಿ ಅಂತ ದೊಡ್ಡದು ಕೊಟ್ಟು ಕೈ ತೊಳ್ಕೊಂಡೆ. ಈ ಸಲ ಅದು ಬೇಡ. ಒಂದು ಹಳೇದು ಕೊಡ್ತೀನಿ, ವಾರ ನಡೆಸಿ. ಈ ಮೀಟರೂ ಒಯ್ಯಿರಿ. ಎಲ್ಲಿ ಸೋರುತ್ತೆ ಅಂತ ನೋಡ್ಕೊಂಡು ಬನ್ನಿ, ಆಮೇಲೆ ಯಾವುದು ಅಂತ ಹೇಳ್ತೀನಿ."

ಬರುವಾಗ ಅವನಿಗೆ ಮುಖ ಬಿಸಿಯಾಗಿತ್ತು. ತನ್ನ ಕನ್ನಡಕದಂಗಡಿಗೆ ಬಂದ ಪ್ರತಿಯೊಬ್ಬರನ್ನೂ ಅವನು ಕೇಳುವ ಮೊದಲ ಮಾತೇ ಅದು: ದಿನವಿಡೀ ಏನು ಕೆಲಸ, ಎಷ್ಟು ದೂರದ್ದನ್ನು ನೋಡುತ್ತೀರಿ. ದರ್ಜಿಗೆ ಕೊಡುವ ಗಾಜು ಬೇರೆ, ಬಸ್ಸಿನ ಚಾಲಕನಿಗೆ ಬೇರೆ. ತನ್ನ ಗಾಡಿಯ ವಿಷಯದಲ್ಲಿ ಯಾರೋ ಅದನ್ನೇ ಕೇಳಿದಾಗ ತನಗೆ ಉತ್ತರ ತಿಳಿಯದೆಹೋದದ್ದು ಅವನನ್ನು ಚುಚ್ಚಿತು. ಹಿಂಬಾಗಿಲಿನ ಪುಟ್ಟ ದೀಪ ಆರುತ್ತಿಲ್ಲವೇನೋ, ಕಳ್ಳರು ಮುಟ್ಟಿದರೆ ಕೂಗುವ ಅಲಾರಮಿನ ದೋಷವೇನೋ ಎಂದು ದಾರಿಯುದ್ದಕ್ಕೂ ಊಹಿಸಿದ.

ಆ ಸಂಜೆ ಹಳೆಯ ಬ್ಯಾಟರಿಯನ್ನು ಕೂರಿಸಿ ಅವನು ಒಳಗೆ ಹೋದಾಗ ಅಮ್ಮ ಎಂದಿನಂತೆ ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ. ಮಗು ಮಲಗಿದೆ" ಎಂದಳು. ಕೆಲವು ತಿಂಗಳಿಂದ ಅದು ಅವಳ ಸಂಜೆಯ ಮಾತು. ಪಕ್ಕದ ಮನೆಯಲ್ಲಿ ಕೂಸೊಂದಿತ್ತು, ಗೋಡೆ ತೆಳು. ಪಾಪ, ಈ ವಯಸ್ಸಿನಲ್ಲೂ ನೆರೆಯವರ ಮೇಲೆ ಎಷ್ಟು ಕಾಳಜಿ ಎಂದುಕೊಂಡು ಅವನು ದನಿ ತಗ್ಗಿಸುತ್ತಿದ್ದ.

ಮರುದಿನ ಅಂಗಡಿಯನ್ನು ಬೇಗ ಮುಚ್ಚಿ, ಮೀಟರನ್ನು ಚೀಲದಲ್ಲಿಟ್ಟುಕೊಂಡು ಹಿಂಬೀದಿಯಿಂದ ಬಂದ. ಬಿಸಿಲು ಗೋಡೆಗಳ ತುದಿಗೆ ಹತ್ತಿ ಕುಳಿತಿತ್ತು. ಶಟರಿನ ಕೆಳಗಿನ ಸಂದಿಯಿಂದ ಬೆಳಕು ಹೊರಗೆ ಚೆಲ್ಲಿತ್ತು. ಒಳಗೆ ಇಂಡಿಕೇಟರಿನ ಸದ್ದು: ಟಕ್, ಟಕ್, ಟಕ್.

ಅವನು ಸುತ್ತಿ ಮನೆಯೊಳಗಿನಿಂದ ಹೋಗಿ ಶೆಡ್ಡಿನ ಒಳಬಾಗಿಲನ್ನು ಬೆರಳಷ್ಟು ಸರಿಸಿದ.

ಹೆಂಡತಿ ಚಾಲಕನ ಸೀಟಿನಲ್ಲಿದ್ದಳು. ಎರಡು ಕೈಯೂ ಸ್ಟಿಯರಿಂಗಿನ ಮೇಲೆ. ಪಕ್ಕದಲ್ಲಿ ಅಮ್ಮ, ಬೆಲ್ಟು ಬಿಗಿದುಕೊಂಡು, ಮಡಿಲಲ್ಲಿ ಕೈಚೀಲವಿಟ್ಟುಕೊಂಡು ಕುಳಿತಿದ್ದಳು. ಗಾಡಿಯ ಮುಂದೀಪಗಳು ಎದುರಿನ ಸುಣ್ಣದ ಗೋಡೆಯ ಮೇಲೆ ಎರಡು ದೊಡ್ಡ ಬೆಳಕಿನ ಬಟ್ಟಲುಗಳನ್ನು ಹಚ್ಚಿದ್ದವು. ಗಾಜಿನ ಮೇಲೆ ನೀರು ಚಿಮ್ಮಿತು. ವೈಪರು ಒಮ್ಮೆ ಅತ್ತ, ಒಮ್ಮೆ ಇತ್ತ ಸರಿಯಿತು. ಇಂಜಿನ್ ಆರಿತ್ತು. ಗಾಡಿ ಇದ್ದಲ್ಲೇ ಇತ್ತು.

"ಈ ಸಿಗ್ನಲ್ಲಿನ ಹಣೆಬರಹವೇ ಇಷ್ಟು" ಎಂದಳು ಅಮ್ಮ.

"ಈಗ ಬಿಡುತ್ತೆ ಅತ್ತೆ. ಮುಂದೆ ಒಂದು ಹಾಲಿನ ವ್ಯಾನು ನಿಂತಿದೆ."

"ಹಾರ್ನ್ ಹೊಡಿಯೇ. ಮಗು ಸ್ಕೂಲಿಂದ ಬಂದಿರುತ್ತೆ. ಬಾಗಿಲಿಗೆ ಬೀಗ. ಹೊಸಲ ಮೇಲೆ ಒಂದೇ ಕೂತಿರುತ್ತೆ."

"ಪಕ್ಕದ ಮನೆಯವರು ಬೀಗ ತೆಗೆದು ಕೊಟ್ಟಿದ್ದಾರಂತೆ. ಫೋನ್ ಬಂದಿತ್ತು. ಊಟ ಮಾಡಿ ಮಲಗಿದ್ದಾನೆ."

"ಮಲಗಿದ್ದಾನಾ?"

"ಹೂಂ. ಮೆಲ್ಲಗೆ ಹೋಗಬೇಕು, ಎಬ್ಬಿಸಬಾರದು." ಅವಳು ಸ್ಟಿಯರಿಂಗನ್ನು ಬಲಕ್ಕೆ ಸ್ವಲ್ಪ ತಿರುಗಿಸಿ, ದೀಪ ಆರಿಸಿ, ಕೀಲಿ ತೆಗೆದಳು. "ಬಂತು ಅತ್ತೆ. ಇಳೀರಿ."

ಅಮ್ಮ ಇಳಿದಳು. ಯಾವ ಮನೆಯಿಂದ ಹೊರಟಿದ್ದಳೋ ಅದೇ ಮನೆಯೊಳಕ್ಕೆ, ದೂರದ ಊರಿಂದ ಬಂದವಳ ದಣಿವಿನಲ್ಲಿ, ತುದಿಗಾಲಲ್ಲಿ ಹೋದಳು. ಬಾಗಿಲ ಹಿಂದೆ ಗೋಡೆಗೊತ್ತಿ ನಿಂತಿದ್ದ ಮಗ ಅವಳ ಕಣ್ಣಿಗೆ ಬೀಳಲಿಲ್ಲ.

ಹಳೆಯ ಬಾಡಿಗೆಮನೆಯ ಆ ಹೊಸಲು ಅವನಿಗೆ ನೆನಪಿತ್ತು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದ ದಿನಗಳು. ಸಾಬೂನಿನ ಬಿಸಿನೀರಿಗೆ ಸುಕ್ಕುಗಟ್ಟಿದ ಅವಳ ಬೆರಳುಗಳು. ಎದುರಿನ ಅಂಗಡಿಯ ಫಲಕದ ಅಕ್ಷರಗಳು ಮಂಜಾಗಿ ಕಾಣುತ್ತಿದ್ದ ತನ್ನ ಕಣ್ಣು. ಮಲಗಿರುವ ಮಗು ಪಕ್ಕದ ಮನೆಯದಲ್ಲ ಎಂದು ಅವನಿಗೆ ಈಗ ಹೊಳೆಯಿತು.

"ಎಷ್ಟು ದಿನದಿಂದ?" ಅಡಿಗೆಮನೆಯಲ್ಲಿ ಕೇಳಿದ.

"ಬೇಸಿಗೆಯಿಂದ. ಬೆಳಕು ಇಳಿಯೋ ಹೊತ್ತಿಗೆ ಶುರುವಾಗುತ್ತೆ. ಮನೆಗೆ ಹೋಗ್ಬೇಕು, ಮನೆಗೆ ಹೋಗ್ಬೇಕು. ಇದೇ ಮನೆ ಅಂದ್ರೆ ನನ್ನನ್ನ ಕಳ್ಳಿ ಅಂತಾರೆ. ಒಂದಿನ ಬೀದಿ ಕೊನೆವರೆಗೂ ಹೋಗಿಬಿಟ್ಟಿದ್ರು. ಗಾಡೀಲಿ ಕೂರಿಸಿ ದೀಪ ಹಾಕಿದ್ರೆ ಸಮಾಧಾನ ಆಗ್ತಾರೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನೂ ಆಗಿಲ್ಲ ಅಂತಿದ್ರಿ." ಅವಳು ಪಾತ್ರೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದಳು. "ಅದನ್ನ ಇನ್ನೊಂದ್ಸಲ ಕೇಳೋ ಶಕ್ತಿ ನನಗಿರಲಿಲ್ಲ."

ಅವನು ಲೋಟಕ್ಕೆ ನೀರು ಬಗ್ಗಿಸಿಕೊಂಡ.

"ಬ್ಯಾಟರಿ ಸಾಯೋದು ನನ್ನಿಂದ್ಲೇ ಅಂತ ಗೊತ್ತಿತ್ತು. ಮೊನ್ನೆ ಇಂಜಿನ್ನೇ ಹಾಕಿಟ್ರೆ ಚಾರ್ಜ್ ಉಳಿಯುತ್ತಲ್ಲ ಅನ್ನಿಸ್ತು. ಹಾಕಿದೆ. ಸ್ವಲ್ಪ ಹೊತ್ತಿಗೆ ತಲೆ ಸುತ್ತೋಕೆ ಶುರುವಾಯ್ತು. ಅತ್ತೆ ತೂಕಡಿಸ್ತಿದ್ರು. ಸದ್ಯ, ಸಮಾಧಾನ ಆದ್ರಲ್ಲ ಅಂದ್ಕೊಂಡೆ. ಆಮೇಲೆ ಆರಿಸಿದೆ."

ಶಟರು ಎಳೆದಿತ್ತೇ ಎಂದು ಅವನು ಕೇಳಲಿಲ್ಲ. ಶಟರು ಯಾವಾಗಲೂ ಎಳೆದೇ ಇರುತ್ತಿತ್ತು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ನಿನ ಹೊಗೆ ಸದ್ದಿಲ್ಲದೆ ಉಸಿರು ನಿಲ್ಲಿಸುತ್ತದೆಂಬುದು ಅವನಿಗೆ ಗೊತ್ತಿತ್ತು. ಕೈಯಲ್ಲಿದ್ದ ಲೋಟವನ್ನು ಕೆಳಗಿಡಲು ಮೇಜಿನ ಅಂಚು ಸಿಗದೆ ತಡಕಾಡಿದ. "ಇನ್ನು ಯಾವತ್ತೂ ಇಂಜಿನ್ ಹಾಕ್ಬೇಡ" ಎಂದಷ್ಟೇ ಹೇಳಲು ಅವನಿಗೆ ಸಾಧ್ಯವಾಯಿತು. ಆಮೇಲೆ ಹೊಗೆಯ ವಿಷಯ ತಿಳಿಸಿದಾಗ ಅವಳು ಪಾತ್ರೆ ಬಿಟ್ಟು ಒಳಕೋಣೆಗೆ ಹೋಗಿ ಅತ್ತೆಯ ಉಸಿರನ್ನು ನೋಡಿ ಬಂದಳು.

ಇಷ್ಟಾದ ಮೇಲೂ ಅವನು ಒಂದು ತಪ್ಪು ಮಾಡಿದ. ಸುಳ್ಳು ಪ್ರಯಾಣಕ್ಕೇ ಇಷ್ಟು ಸಮಾಧಾನ ಸಿಗುವುದಾದರೆ ನಿಜವಾದದ್ದಕ್ಕೆ ಎಷ್ಟು ಸಿಗಬೇಡ ಎಂದುಕೊಂಡ. ಗಾಡಿ ಇರುವುದು ಓಡಲಿಕ್ಕೆ. ಭಾನುವಾರ ಅಮ್ಮನನ್ನು ಮುಂದೆ ಕೂರಿಸಿ, ಹೆಂಡತಿಯನ್ನು ಹಿಂದೆ ಕೂರಿಸಿ, ಆ ಹಳೆಯ ಬೀದಿಗೇ ಹೊರಟ. ಹೆಂಡತಿ ಬೇಡವೆಂದಳು, ಅವನು ಕೇಳಲಿಲ್ಲ.

ಮೊದಲು ಅಮ್ಮ ಖುಷಿಯಲ್ಲೇ ಇದ್ದಳು. ದೊಡ್ಡ ರಸ್ತೆಗೆ ಬಂದಮೇಲೆ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಳು. ನಿಂತ ಗಾಡಿಯ ಎದುರಿನ ಗೋಡೆ ಅವಳಿಗೆ ಬೇಕಾದ ಬೀದಿಯಾಗುತ್ತಿತ್ತು. ಓಡುವ ಗಾಡಿಯ ಎದುರು ಬೇಡದ್ದೆಲ್ಲ ನುಗ್ಗಿಬರುತ್ತಿತ್ತು.

"ಡ್ರೈವರೇ, ದಾರಿ ತಪ್ಪಿದೆ."

"ಇಲ್ಲಮ್ಮ. ನಾನೇ ಓಡಿಸ್ತಿದ್ದೀನಿ, ನೋಡು. ಇದೇ ನಮ್ಮ ಬೀದಿ."

ಬಾಡಿಗೆಮನೆ ಇದ್ದ ಕಡೆ ಗಾಜಿನ ಗೋಡೆಯ ಒಂದು ಮಳಿಗೆ ಎದ್ದಿತ್ತು. ಒಳಗೆ ಸಾಲುಸಾಲಾಗಿ ಬಿಳಿಯ ಕೈತೊಳೆವ ತೊಟ್ಟಿಗಳು, ಯಾರೂ ಕೈಯೊಡ್ಡದ ನಲ್ಲಿಗಳು. ಅವನು ಬೆರಳು ಮಾಡಿ ತೋರಿಸಿದ. ತೋರಿಸಬಾರದಿತ್ತು.

"ನನ್ನ ಮನೆ ಏನು ಮಾಡಿದ್ರಿ" ಎಂದಳು ಅಮ್ಮ, ತೀರ ಸಣ್ಣ ದನಿಯಲ್ಲಿ. "ಮಗು ಎಲ್ಲಿ?"

"ನಾನೇ ಅಮ್ಮ. ನಾನೇ ಆ ಮಗು."

ಅವಳು ಅವನ ನರೆತ ತಲೆಯನ್ನು, ದಪ್ಪ ಗಾಜಿನ ಹಿಂದಿನ ಕಣ್ಣುಗಳನ್ನು ನೋಡಿದಳು. ಅವಳ ಮುಖದಲ್ಲಿ ಕಂಡದ್ದು ಮರೆವಲ್ಲ, ಹೇಸಿಗೆ: ಹೆತ್ತ ತಾಯಿಗೆ ಇಷ್ಟು ದೊಡ್ಡ ಸುಳ್ಳನ್ನು ಯಾರು ಹೇಳುತ್ತಾರೆ? ಬೆಲ್ಟು ಬಿಚ್ಚಿ, ಚಲಿಸುತ್ತಿದ್ದ ಗಾಡಿಯ ಬಾಗಿಲು ತೆರೆದಳು. ತಡೆಯಲು ಚಾಚಿದ ಅವನ ಕೈಯನ್ನು ಕೊಡವಿ ಮುಖಕ್ಕೆ ಹೊಡೆದಳು. ಆ ಏಟಿಗೆ ಕನ್ನಡಕ ಹಾರಿ ಎಲ್ಲೋ ಕಾಲಡಿಗೆ ಬಿತ್ತು. ರಸ್ತೆಯೆಲ್ಲ ಬಣ್ಣದ ಕಲೆಗಳಾಗಿ ಕದಡಿಹೋಯಿತು. ಹಿಂದಿನ ಸೀಟಿನಿಂದ ಹೆಂಡತಿ ಎರಡೂ ತೋಳಿಂದ ಅಮ್ಮನ ಎದೆಯನ್ನು ಬಿಗಿದಪ್ಪಿ ಹಿಡಿದಿದ್ದಳು. ಹಾರ್ನುಗಳ ನಡುವೆ ಅವನು ಕುರುಡಾಗಿ ಬ್ರೇಕನ್ನು ಒತ್ತಿದ.

ಮನೆಗೆ ಮರಳಿ ಶೆಡ್ಡಿನೊಳಗೆ ನಿಲ್ಲಿಸಿದರೂ ಅಮ್ಮ ಇಳಿಯಲಿಲ್ಲ. ಇದು ತನ್ನ ಮನೆಯಲ್ಲ, ಈ ಗಂಡಸು ತನ್ನನ್ನು ಎಲ್ಲಿಗೋ ಕದ್ದೊಯ್ಯುತ್ತಿದ್ದಾನೆ ಎಂದು ನಡುಗುತ್ತಿದ್ದಳು.

"ನೀವು ಇಳೀರಿ" ಎಂದಳು ಹೆಂಡತಿ ಅವನಿಗೆ. ಇಷ್ಟು ವರ್ಷದಲ್ಲಿ ಅವಳು ಅವನೊಡನೆ ಆ ದನಿಯಲ್ಲಿ ಮಾತಾಡಿರಲಿಲ್ಲ.

ಇಳಿದು ಹಿಂದೆ ಕುಳಿತ; ಅವಳು ಚಾಲಕನ ಸೀಟಿಗೆ ಬಂದಳು. ಇಂಜಿನ್ ಆರಿತು, ಶಟರು ಕೆಳಗೆ ಬಂತು, ಗೋಡೆಯ ಮೇಲೆ ಬೆಳಕಿನ ಬಟ್ಟಲುಗಳು ಹತ್ತಿದವು. ಟಕ್, ಟಕ್. ನಡುನಡುವೆ ನೀರು, ವೈಪರು. "ಆ ಡ್ರೈವರನ್ನ ಇಳಿಸಿಬಿಟ್ಟೆ ಅತ್ತೆ. ಈಗ ನಾನೇ ಕರ್ಕೊಂಡು ಹೋಗ್ತೀನಿ." ಅಮ್ಮನ ಉಸಿರು ನಿಧಾನವಾಗಿ ಹಿಡಿತಕ್ಕೆ ಬರುತ್ತಿದ್ದಾಗ ಎರವಲು ತಂದ ಹಳೆಯ ಬ್ಯಾಟರಿ ಸೋಲತೊಡಗಿತು. ಬೆಳಕು ಹಳದಿಗೆ ತಿರುಗಿತು. ವೈಪರು ಅರ್ಧ ದಾರಿಯಲ್ಲಿ ನಿಂತಿತು. ಇಂಡಿಕೇಟರಿನ ಸದ್ದು ಒಂದರಿಂದೊಂದು ದೂರವಾಗುತ್ತ ಹೋಯಿತು.

"ಕತ್ತಲಾಗ್ತಿದೆ" ಎಂದಳು ಅಮ್ಮ, ದನಿ ಮತ್ತೆ ಏರುತ್ತ.

"ಮನೆ ಹತ್ತಿರ ಬಂತಲ್ಲ ಅತ್ತೆ, ಅದಕ್ಕೇ ದೀಪ ತಗ್ಗಿಸಿದೆ. ಬೀದೀಲಿ ಎಲ್ಲರೂ ಮಲಗಿದ್ದಾರೆ."

ಹಿಂದಿನ ಸೀಟಿನಲ್ಲಿ ಅವನು ಆರುತ್ತಿದ್ದ ಬೆಳಕನ್ನೇ ನೋಡುತ್ತಿದ್ದ. ಬದುಕಿನಲ್ಲಿ ಅವನು ಯಾವುದಕ್ಕೂ ಅಷ್ಟು ಮೊರೆಯಿಟ್ಟಿರಲಿಲ್ಲ: ಇನ್ನೊಂದಿಷ್ಟು, ಬಾಗಿಲು ಮುಟ್ಟುವಷ್ಟು. ದೀಪ ಕೆಂಪಗೆ ಕ್ಷೀಣಿಸಿ ಆರುವ ಮೊದಲೇ ಹೆಂಡತಿ, "ಬಂತು, ಇಳೀರಿ" ಎಂದಳು.

ಮರುದಿನ ಬೆಳಗ್ಗೆ ಚಾರ್ಜಕ್ಕನ ಅಂಗಡಿಯಲ್ಲಿ ಅವನು ಮೀಟರನ್ನು ಹಿಂತಿರುಗಿಸಿದ.

"ಸೋರಿಕೆ ಸಿಕ್ತಾ?"

"ಸಿಕ್ತು. ಗಾಡಿ ದಿನಾ ಸಂಜೆ ನಿಂತಲ್ಲೇ ಓಡುತ್ತೆ." ಅವನು ಎಲ್ಲವನ್ನೂ ಹೇಳಿದ. ಬೇರೆ ಗಿರಾಕಿಗಳಿದ್ದರು; ಆದರೂ ಹೇಳಿದ. ಹೇಳುವಾಗ ಮೊದಲ ಬಾರಿಗೆ, ನಮ್ಮಮ್ಮನಿಗೆ ಮರೆವಿನ ಕಾಯಿಲೆ, ಎಂಬ ಮಾತು ಅವನ ಬಾಯಿಂದ ಬಂತು. ಬಂದಮೇಲೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಮರಳಿನಂತೆ ಅಲ್ಲೇ ಉಳಿಯಿತು.

ಚಾರ್ಜಕ್ಕ ಈ ಸಲ ತಮಾಷೆ ಮಾಡಲಿಲ್ಲ. ಒಳಗಿನಿಂದ ತಾನೇ ಒಂದನ್ನು ಎತ್ತಿ ತಂದಳು. "ಇದರೊಳಗೆ ಆಸಿಡ್ಡನ್ನ ಗಾಜಿನ ನಾರಿನ ಹಾಸಿಗೆ ಕುಡ್ಕೊಂಡಿರುತ್ತೆ. ಖಾಲಿಯಾಗಿ ತುಂಬೋದನ್ನ ಮಾಮೂಲಿಗಿಂತ ಜಾಸ್ತಿ ತಡೆಯುತ್ತೆ. ಅಳತೆ ನಿಮ್ಮ ತಟ್ಟೆದೇ, ಪ್ಲಸ್ಸೂ ಸರಿ ಕಡೆಗಿದೆ. ಗೋಡೆ ಪ್ಲಗ್ಗಿಗೆ ಹಾಕೋ ಈ ಚಾರ್ಜರ್ ಒಯ್ಯಿರಿ. ಇದಕ್ಕೆ ಹೊಂದೋ ಜಾತಿದೇ. ಅಮ್ಮ ಇಳಿದ ಮೇಲೆ ಹಾಕಿ, ಬೆಳಗಾಗೋದ್ರಲ್ಲಿ ತುಂಬಿರುತ್ತೆ." ಬಿಲ್ಲು ಬರೆಯುತ್ತ ಸೇರಿಸಿದಳು: "ಇದೂ ಒಂದಿನ ಸೋಲುತ್ತೆ ಸಾರ್. ಅದು ಗೊತ್ತಿರ್ಲಿ."

"ಗೊತ್ತು" ಎಂದ.

ಅಕ್ಕನಿಗೂ ಅಂದೇ ಫೋನ್ ಮಾಡಿದ. ಏನೂ ಆಗಿಲ್ಲ ಎನ್ನಲಿಲ್ಲ. ಆರೈಕೆ ಮನೆಯ ಮಾತನ್ನು ಅವಳು ಮತ್ತೆ ಎತ್ತಿದಾಗ, "ಒಂದಿನ ಬೇಕಾಗಬಹುದು. ಈಗಲ್ಲ. ಅಲ್ಲೀವರೆಗೆ ನೀನೂ ಬಂದು ಒಂದೆರಡು ಸಂಜೆ ಓಡಿಸು" ಎಂದ. ಎಲ್ಲಿಗೆ ಓಡಿಸಬೇಕೆಂದು ಅವಳಿಗೆ ಅರ್ಥವಾಗಲಿಲ್ಲ. ಬಂದಾಗ ತೋರಿಸುತ್ತೇನೆ ಎಂದು ಫೋನ್ ಇಟ್ಟ.

ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ಬಂದು ಹೆಂಡತಿಗೆ, "ನೀನು ಹೊರಗೆ ಹೋಗಿ ಬಾ" ಎಂದ.

"ಎಲ್ಲಿಗೆ?"

"ಎಲ್ಲಿಗಾದ್ರೂ."

ಅವಳು ಚಪ್ಪಲಿ ಮೆಟ್ಟಿ ಗೇಟಿನ ಬಳಿ ಬಹಳ ಹೊತ್ತು ನಿಂತಳು, ಎಡಕ್ಕೋ ಬಲಕ್ಕೋ ಎಂದು ಮರೆತವಳಂತೆ. ಆಮೇಲೆ ಹೋದಳು.

ಅವನು ಅಮ್ಮನಿಗೆ ಬೆಲ್ಟು ಬಿಗಿದು ಚಾಲಕನ ಸೀಟಿನಲ್ಲಿ ಕುಳಿತ. ದೀಪ ಹಚ್ಚಿದ. ಬೆಳಕು ಗೋಡೆಯ ಮೇಲೆ ಬಿಳಿಯಾಗಿ, ಗಟ್ಟಿಯಾಗಿ ನಿಂತಿತು. ಅಮ್ಮ ಅವನನ್ನು ಓರೆಗಣ್ಣಲ್ಲಿ ಅಳೆದಳು.

"ಹೊಸಬರಾ? ಮೊದಲಿನವಳು ಚೆನ್ನಾಗಿ ಓಡಿಸ್ತಿದ್ದಳು."

"ಇವತ್ತು ಅವರಿಗೆ ರಜ."

"ಕೊಡಬೇಕು. ಪಾಪ, ದಿನಾ ದುಡಿಯುತ್ತೆ ಆ ಹುಡುಗಿ." ಇಂಡಿಕೇಟರು ಟಕ್ ಟಕ್ ಎನ್ನುತ್ತಿತ್ತು. ಅವನು ನೀರು ಚಿಮ್ಮಿಸಿ ವೈಪರು ಹಾಕಿದ. ಅಮ್ಮ ತುಸು ಸಡಿಲಾದಳು. "ನನ್ನ ಮಗನಿಗೆ ಕಣ್ಣು ಸರಿಯಿಲ್ಲ ಡ್ರೈವರೇ. ಬೋರ್ಡಿನ ಅಕ್ಷರ ಮಂಜು ಮಂಜು ಅಂತಾನೆ. ಸಂಬಳ ಬಂದ ಮೇಲೆ ಕನ್ನಡಕ ಮಾಡಿಸ್ಬೇಕು. ಗೊತ್ತಿರೋ ಒಳ್ಳೆ ಅಂಗಡಿ ಇದೆಯಾ ನಿಮಗೆ?"

ಗೋಡೆಯ ಮೇಲಿನ ಬೆಳಕನ್ನು ನೋಡುತ್ತಲೇ ಅವನು, "ಇದೆ ಅಮ್ಮ. ಒಂದಿದೆ" ಎಂದ.

"ಮೋಸ ಮಾಡಲ್ಲ ತಾನೇ?"

"ಇಲ್ಲ."

ಅವಳು ತಲೆಯಾಡಿಸಿ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಅವನು ಇನ್ನೂ ಎರಡು ಸಿಗ್ನಲ್ ದಾಟಿದ. ಹಾಲಿನ ವ್ಯಾನಿಗೆ ದಾರಿ ಬಿಟ್ಟ. ಸ್ಟಿಯರಿಂಗನ್ನು ಹೆಂಡತಿಯಂತೆಯೇ ಬಲಕ್ಕೆ ತುಸು ತಿರುಗಿಸಿ ಕೀಲಿ ತೆಗೆದ. "ಬಂತು, ಇಳೀರಿ" ಎಂದ.

ಒಳಬಾಗಿಲ ಬಳಿ ಅಮ್ಮ ನಿಂತು ತಿರುಗಿ, ತುಟಿಯ ಮೇಲೆ ಬೆರಳಿಟ್ಟಳು. "ನೀರು ಕುಡಿದು ಹೋಗಿ ಡ್ರೈವರೇ. ಆದ್ರೆ ಮೆಲ್ಲಗೆ ಬನ್ನಿ. ಮಗು ಮಲಗಿದೆ."

ಅವನು ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ, ಅವಳ ಹಿಂದೆ ಒಳಗೆ ಹೋದ.